ಚೌಕದೊಳಗೊಂದು ಬಾಗಿಲು: ಜಾರ್ಜಿಯಾ ಓಕೀಫ್ ಅವರ ಮರುಭೂಮಿಯ ಚಿತ್ರಗಳು

ಚಿತ್ರಕಲೆಯ ಶಿಕ್ಷಕರು ತಮಗಾಗಿ ಬರೆದುಕೊಂಡ ಚಿತ್ರಗಳನ್ನು ಅವರು ತರಗತಿಯಲ್ಲಿ ಮಾಡಿದ ಪಾಠದಿಂದ ಬೇರ್ಪಡಿಸಿ ನೋಡುವ ರೂಢಿ ಕಲಾಚರಿತ್ರೆಯಲ್ಲಿ ಬಹಳ ಹಿಂದಿನಿಂದ ಇದೆ; ಪಾಠವೆಂಬುದು ಹೊಟ್ಟೆಪಾಡು, ಚಿತ್ರವೊಂದೇ ನಿಜವಾದ ಕೆಲಸ ಎಂಬ ಎಣಿಕೆ ಅದರ ಹಿಂದೆ ಅಡಗಿದೆ. ಅಮೆರಿಕದ ಚಿತ್ರಕಲಾವಿದೆ ಜಾರ್ಜಿಯಾ ಓಕೀಫ್ (1887–1986) ಅವರ ವಿಷಯದಲ್ಲಿ ಈ ಎಣಿಕೆ ಇನ್ನಷ್ಟು ಗಟ್ಟಿಯಾಗಿ ಕುಳಿತಿದೆ. ಟೆಕ್ಸಸ್ ರಾಜ್ಯದಲ್ಲಿ ಅವರು ಶಿಕ್ಷಕಿಯಾಗಿ ಕಳೆದ ವರ್ಷಗಳನ್ನು ಒಂದೆರಡು ವಾಕ್ಯಗಳಲ್ಲಿ ಮುಗಿಸಿ, ನ್ಯೂಯಾರ್ಕಿನ ಗ್ಯಾಲರಿ, ಛಾಯಾಗ್ರಾಹಕ ಆಲ್ಫ್ರೆಡ್ ಸ್ಟೀಗ್ಲಿಟ್ಸ್ ಅವರೊಂದಿಗಿನ ದಾಂಪತ್ಯ, ದೊಡ್ಡ ದೊಡ್ಡ ಹೂವುಗಳ ಚಿತ್ರ, ಆ ಬಳಿಕ ನ್ಯೂ ಮೆಕ್ಸಿಕೋದ ಮರುಭೂಮಿ ಎಂದು ಕಥೆಯನ್ನು ಬೆಳೆಸುವುದು ವಾಡಿಕೆ. ಆದರೆ 1976ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿಯೂ ಅದರ ಆಸುಪಾಸಿನ ವರ್ಷಗಳ ಸಂದರ್ಶನಗಳಲ್ಲಿಯೂ ಅವರು ಹಿಂದಿನದನ್ನು ನೆನೆದುಕೊಂಡ ಬಗೆಯನ್ನು ಗಮನಿಸಿದರೆ, ಮರುಭೂಮಿಯಲ್ಲಿ ಅವರು ಮಾಡಿದ ಕೆಲಸವು ತರಗತಿಯಿಂದ ತಪ್ಪಿಸಿಕೊಂಡು ಓಡಿದ ಫಲವಲ್ಲ, ತರಗತಿಯಲ್ಲಿ ಇತರರಿಗೆ ಕೊಡುತ್ತಿದ್ದ ಅಭ್ಯಾಸವನ್ನೇ ತಮಗೆ ತಾವು ಕೊಟ್ಟುಕೊಂಡು, ದಶಕಗಟ್ಟಲೆ ಬಿಡದೆ ಮಾಡಿದ್ದರ ಫಲ ಎಂಬುದು ಸ್ಪಷ್ಟವಾಗುತ್ತದೆ.

ಆ ಅಭ್ಯಾಸದ ಮೂಲ ಆರ್ಥರ್ ವೆಸ್ಲಿ ಡೌ ಎಂಬ ಶಿಕ್ಷಕರಲ್ಲಿದೆ. ಹತ್ತೊಂಬತ್ತನೆಯ ಶತಮಾನದ ಚಿತ್ರಶಾಲೆಗಳಲ್ಲಿ ವಿದ್ಯಾರ್ಥಿಯು ಮೊದಲು ಸುಣ್ಣದ ಗಾರೆಯ ಪ್ರತಿಮೆಗಳನ್ನೂ ಆಮೇಲೆ ಜೀವಂತ ಮಾದರಿಯನ್ನೂ ನೋಡಿ ಯಥಾವತ್ತಾಗಿ ನಕಲಿಸುತ್ತ ವರ್ಷಗಳನ್ನು ಕಳೆಯಬೇಕಾಗಿತ್ತು. ಜಪಾನಿನ ಮರದಚ್ಚಿನ ಚಿತ್ರಗಳನ್ನು ಆಳವಾಗಿ ಅಭ್ಯಸಿಸಿದ್ದ ಡೌ ಅವರು ಇದನ್ನು ತಲೆಕೆಳಗು ಮಾಡಿ, ಚಿತ್ರವೆಂದರೆ ಮೊದಲಿಗೆ ಒಂದು ಅವಕಾಶವನ್ನು, ಅಂದರೆ ಚೌಕಟ್ಟಿನೊಳಗಿನ ಬರಿಯ ಜಾಗವನ್ನು, ಅಂದವಾಗಿ ತುಂಬುವ ಕೆಲಸ ಎಂದು ಸಾರಿದರು. 1899ರಲ್ಲಿ ಹೊರಬಂದ ಅವರ ಪಠ್ಯವು ಮೂರೇ ಅಂಶಗಳನ್ನು ಮುಖ್ಯವೆಂದು ಎಣಿಸುತ್ತದೆ: ರೇಖೆ, ಬಣ್ಣ ಮತ್ತು ಜಪಾನೀಯರು ನೋತಾನ್ ಎಂದು ಕರೆಯುವ ಕಪ್ಪು–ಬಿಳುಪಿನ ಹೊಂದಾಣಿಕೆ. ಒಂದು ಚೌಕವನ್ನು ಗೆರೆಯೆಳೆದು ಎರಡಾಗಿ, ಮೂರಾಗಿ ಒಡೆಯುವುದು, ಯಾವ ತುಂಡು ಕಪ್ಪಾಗಬೇಕು, ಯಾವುದು ಬೆಳ್ಳಗೆ ಉಳಿಯಬೇಕು ಎಂದು ತೀರ್ಮಾನಿಸುವುದು, ಅದೇ ಚೌಕವನ್ನು ಹತ್ತು ಬಗೆಯಲ್ಲಿ ಒಡೆದು ಅವುಗಳಲ್ಲಿ ಉತ್ತಮವಾದುದನ್ನು ಆರಿಸುವುದು ಅವರ ವಿದ್ಯಾರ್ಥಿಗಳ ದಿನನಿತ್ಯದ ಕೆಲಸವಾಗಿತ್ತು.

ಷಿಕಾಗೋ ಮತ್ತು ನ್ಯೂಯಾರ್ಕಿನ ಹಳೆಯ ಬಗೆಯ ಶಾಲೆಗಳಲ್ಲಿ ಓದಿ, ಬಹುಮಾನವನ್ನೂ ಪಡೆದು, ಆ ದಾರಿಯಲ್ಲಿ ತನ್ನದೆನ್ನುವಂಥದ್ದೇನೂ ಹುಟ್ಟಲಾರದೆಂದು ಕುಂಚವನ್ನೇ ಬದಿಗಿಟ್ಟಿದ್ದ ಓಕೀಫ್ ಅವರಿಗೆ ಡೌ ಅವರ ವಿಚಾರ ಪರಿಚಯವಾದದ್ದು 1912ರ ಬೇಸಿಗೆಯಲ್ಲಿ, ವರ್ಜೀನಿಯಾ ವಿಶ್ವವಿದ್ಯಾಲಯದ ಒಂದು ತರಗತಿಯಲ್ಲಿ, ಡೌ ಅವರ ಶಿಷ್ಯ ಆಲನ್ ಬೆಮೆಂಟ್ ಅವರ ಮೂಲಕ. ಅದೇ ವರ್ಷ ಅವರು ಟೆಕ್ಸಸ್‌ನ ಅಮರಿಲ್ಲೋ ಪಟ್ಟಣದ ಸರ್ಕಾರಿ ಶಾಲೆಗಳ ಚಿತ್ರಕಲಾ ವಿಭಾಗದ ಮೇಲ್ವಿಚಾರಕಿಯಾಗಿ ಸೇರಿದರು. ನಕಲಿಸುವುದಕ್ಕೆಂದು ಮಕ್ಕಳಿಂದ ನಿಗದಿತ ಚಿತ್ರಪುಸ್ತಕವನ್ನು ಕೊಳ್ಳಿಸಲು ಅವರು ಒಪ್ಪಲಿಲ್ಲ. ಮಕ್ಕಳ ಸುತ್ತ ಕಣ್ಣಿಗೆ ಬೀಳುವ ವಸ್ತುವೇ ಪಾಠಕ್ಕೆ ಸಾಕು ಎಂಬ ಹಟ ಅವರದು. ಹುಡುಗನೊಬ್ಬ ಶಾಲೆಗೆ ಏರಿ ಬಂದಿದ್ದ ಪುಟ್ಟ ಕುದುರೆಯನ್ನೇ ತರಗತಿಯೊಳಕ್ಕೆ ಕರೆತಂದು ಮೇಜಿನ ಮೇಲೆ ಹತ್ತಿಸಿ, ಎಲ್ಲರೂ ಅದನ್ನು ನೋಡಿ ಬರೆದ ದಿನವನ್ನು ಅವರು ಮುಪ್ಪಿನಲ್ಲಿಯೂ ಸಂತೋಷದಿಂದ ನೆನೆಯುತ್ತಿದ್ದರು.

ಟೆಕ್ಸಸ್‌ನ ಎರಡನೆಯ ಅವಧಿ ಇನ್ನೂ ಮುಖ್ಯವಾದದ್ದು. 1916ರ ಸೆಪ್ಟೆಂಬರಿನಲ್ಲಿ ಅವರು ಕ್ಯಾನ್ಯನ್ ಎಂಬ ಸಣ್ಣ ಊರಿನ ಶಿಕ್ಷಕ ತರಬೇತಿ ಕಾಲೇಜಿನಲ್ಲಿ ಚಿತ್ರಕಲೆಯ ಹೊಣೆ ಹೊತ್ತರು. ಮುಂದೆ ಹಳ್ಳಿಗಾಡಿನ ಶಾಲೆಗಳಿಗೆ ಹೋಗಲಿದ್ದ ಯುವಕ ಯುವತಿಯರು ಅಲ್ಲಿನ ವಿದ್ಯಾರ್ಥಿಗಳು. ಇವರಲ್ಲಿ ಬಹುಮಂದಿ ಚಿತ್ರಕಾರರಾಗುವವರಲ್ಲವೆಂದು ಅವರಿಗೆ ಗೊತ್ತಿತ್ತು, ಅದರಿಂದ ಅವರಿಗೆ ನಿರಾಶೆಯೇನೂ ಆಗಲಿಲ್ಲ. ಕಾಗದದ ಮೇಲೆ ಒಂದು ಚೌಕವನ್ನು ಬರೆದು ಅದರೊಳಗೆ ಎಲ್ಲಾದರೂ ಒಂದು ಬಾಗಿಲನ್ನು ಇಡಿ ಎಂದು ಅವರು ಹೇಳುತ್ತಿದ್ದರು. ಬಾಗಿಲು ನಡುವೆ ಕೂತರೆ ಗೋಡೆ ಏನಾಗುತ್ತದೆ, ಒಂದು ಮೂಲೆಗೆ ಸರಿದರೆ ಉಳಿದ ಬಯಲು ಎಷ್ಟು ತೂಗುತ್ತದೆ ಎಂದು ಯೋಚಿಸುವುದೇ ಪಾಠ. ಲಕೋಟೆಯ ಮೇಲೆ ವಿಳಾಸ ಬರೆಯುವುದಾಗಲಿ, ಅಂಚೆಚೀಟಿ ಅಂಟಿಸುವುದಾಗಲಿ, ತಲೆ ಬಾಚಿಕೊಳ್ಳುವುದಾಗಲಿ ಇದೇ ತೀರ್ಮಾನದ ಬೇರೆ ಬೇರೆ ರೂಪಗಳೆಂದೂ, ಕಲೆಯು ಬದುಕಿನ ದಿನದಿನದ ಆಯ್ಕೆಗಳಲ್ಲಿ ಇರುತ್ತದೆಂದೂ ಅವರು ನಂಬಿದ್ದರು. ಶಿಕ್ಷಕಿಯ ಈ ನಂಬಿಕೆಯನ್ನು ಬರಿಯ ಬೋಧನಾಕ್ರಮವೆಂದು ತಿಳಿದರೆ ಅವರ ಮುಂದಿನ ಅರವತ್ತು ವರ್ಷಗಳ ಕೆಲಸದ ಬೀಗದ ಕೈಯೇ ಕಳೆದುಹೋಗುತ್ತದೆ.

ಕ್ಯಾನ್ಯನ್ ಊರಿನ ಸುತ್ತ ಇದ್ದದ್ದು ಮರಳಿನ ಮರುಭೂಮಿಯಲ್ಲ. ಮಳೆ ಕಡಿಮೆ ಬೀಳುವ, ಮರವಿಲ್ಲದ, ಎತ್ತ ನೋಡಿದರೂ ಬಾನಂಚಿಗೆ ಮುಟ್ಟುವ ಹುಲ್ಲುಬಯಲು. ಆದರೂ ಆ ಬಯಲು ಅವರ ಕಣ್ಣಿಗೆ ಮರುಭೂಮಿಯಾಗಿಯೇ ಕಂಡಿತೆಂಬುದಕ್ಕೆ 1916ರ ಒಂದು ಜಲವರ್ಣದ ಹೆಸರೇ ಸಾಕ್ಷಿ: ‘ರಾತ್ರಿ ಮರುಭೂಮಿಯಲ್ಲಿ ರೈಲು’. ಊರಿಗೆ ಹತ್ತಾರು ಮೈಲಿ ದೂರದಲ್ಲಿ ಈ ಸಮತಟ್ಟು ನೆಲ ಒಮ್ಮೆಗೇ ಬಿರಿದು ಪಾಲೋ ಡ್ಯೂರೋ ಎಂಬ ಕಮರಿಯಾಗುತ್ತದೆ. ಎಂಟುನೂರು ಅಡಿಗಳವರೆಗೆ ಇಳಿಯುವ ಅದರ ಕೆಂಪು ಮತ್ತು ಹಳದಿ ಇಳಿಜಾರುಗಳಲ್ಲಿ ದನಗಳು ತುಳಿದು ಮಾಡಿದ ಕಾಲುದಾರಿ ಹಿಡಿದು ಅವರು ಇಳಿಯುತ್ತಿದ್ದರು. ಸಂಜೆ ತಂಗಿ ಕ್ಲಾಡಿಯಾ ಜೊತೆಗೆ ಊರಾಚೆಗೆ ನಡೆದು ಹೋಗುವುದೂ ಇತ್ತು. ತಂಗಿ ಬಾಟಲಿಗಳನ್ನು ಗಾಳಿಗೆಸೆದು ಬಂದೂಕಿನಿಂದ ಗುರಿಯಿಟ್ಟು ಹೊಡೆಯುತ್ತಿದ್ದರೆ, ಅಕ್ಕ ಇನ್ನೂ ಬೆಳಕಿರುವಾಗಲೇ ಮೂಡುವ ಸಂಜೆಯ ನಕ್ಷತ್ರವನ್ನು ನೋಡುತ್ತ ನಿಲ್ಲುತ್ತಿದ್ದರು. 1917ರ ‘ಸಂಜೆಯ ನಕ್ಷತ್ರ’ ಸರಣಿ ಹುಟ್ಟಿದ್ದು ಈ ನಡಿಗೆಗಳಿಂದ.

ಅದೇ ವರ್ಷದ ‘ಬಯಲಿಗೆ ಬರುವ ಬೆಳಕು’ ಎಂಬ ಮೂರು ಜಲವರ್ಣಗಳನ್ನು ಹತ್ತಿರದಿಂದ ನೋಡಬೇಕು. ಅವು ಇರುವುದು ಸುದ್ದಿಪತ್ರಿಕೆ ಮುದ್ರಿಸುವಂತಹ ಅಗ್ಗದ ಕಾಗದದ ಮೇಲೆ. ಹಾಳೆಯ ಉದ್ದ ಹನ್ನೆರಡು ಅಂಗುಲದಷ್ಟೂ ಇಲ್ಲ. ಕೆಳಗೆ ನೆಲವೆಂದು ತೋರುವ ಒಂದು ಕಡುನೀಲಿ ಪಟ್ಟಿ, ಅದರ ಮೇಲೆ ಕಮಾನಿನಂತೆ ಬಾಗಿದ ಆಕಾಶ, ಆಕಾಶದಲ್ಲಿ ಒಂದರ ಹೊರಗೊಂದು ಹರಡುವ ನೀಲಿಯ ಅಲೆಗಳು. ಸೂರ್ಯ ಎಲ್ಲಿಯೂ ಇಲ್ಲ. ನೆಲ ಮತ್ತು ಆಕಾಶ ಸೇರುವಲ್ಲಿ ಕಾಗದವನ್ನು ಬಣ್ಣ ಮುಟ್ಟದ ಹಾಗೆ ಬಿಟ್ಟಿರುವುದೇ ಬೆಳಗಾಗುವುದರ ಗುರುತು. ನೀಲಿಯೊಂದನ್ನೇ ಬಳಸಿ, ತಿಳಿ–ಗಾಢಗಳ ಹಂತದಿಂದಲೇ ಚಿತ್ರವನ್ನು ನಿಲ್ಲಿಸಿರುವ ಈ ಕ್ರಮ ಡೌ ಅವರ ಕಪ್ಪು–ಬಿಳುಪಿನ ಅಭ್ಯಾಸವಲ್ಲದೆ ಬೇರೇನೂ ಅಲ್ಲ. ಆದರೆ ಡೌ ಅವರ ಸ್ವಂತ ಚಿತ್ರಗಳಲ್ಲಿ ಎಲ್ಲಿಯೂ ಕಾಣದ ಧೈರ್ಯ ಇಲ್ಲಿದೆ. ತರಗತಿಯ ಕೆಲಸವೇ ಬೆಳಗಿನ ಬಯಲಿನ ಎದುರು ಇಷ್ಟು ದೊಡ್ಡದಾಗಿ ಬೆಳೆದು ನಿಂತ ಇನ್ನೊಂದು ಉದಾಹರಣೆ ಆ ಕಾಲದ ಅಮೆರಿಕದ ಚಿತ್ರಕಲೆಯಲ್ಲಿ ಸಿಗುವುದು ಕಷ್ಟ.

1918ರಲ್ಲಿ ಕಾಯಿಲೆಯ ಕಾರಣದಿಂದ ಅವರು ಕ್ಯಾನ್ಯನ್ ಬಿಟ್ಟರು. ಆಮೇಲೆ ಶಿಕ್ಷಕಿಯ ಉದ್ಯೋಗಕ್ಕೆ ಮರಳಲಿಲ್ಲ. ನ್ಯೂಯಾರ್ಕಿಗೆ ಹೋದದ್ದು, 1924ರಲ್ಲಿ ಸ್ಟೀಗ್ಲಿಟ್ಸ್ ಅವರನ್ನು ಮದುವೆಯಾದದ್ದು, ಹೂವು ಮತ್ತು ಗಗನಚುಂಬಿ ಕಟ್ಟಡಗಳ ಚಿತ್ರಗಳಿಂದ ಹೆಸರಾದದ್ದು ಎಲ್ಲರೂ ಬಲ್ಲ ಸಂಗತಿ.

1929ರ ಬೇಸಿಗೆಯಲ್ಲಿ ನ್ಯೂ ಮೆಕ್ಸಿಕೋದ ಟಾವೋಸ್‌ಗೆ ಬಂದು ತಂಗಿದ ಓಕೀಫ್ ಅವರು ಅಲ್ಲಿ ಕಾರು ಓಡಿಸುವುದನ್ನು ಕಲಿತು ಫೋರ್ಡ್ ಕಂಪನಿಯ ‘ಮಾಡೆಲ್ ಎ’ ಕಾರೊಂದನ್ನು ಕೊಂಡರು. ಇದು ಬರಿಯ ಓಡಾಟದ ಅನುಕೂಲವಾಗಿರಲಿಲ್ಲ. ನೆರಳಿಲ್ಲದ, ಗಾಳಿ ಒಂದೇ ಸಮನೆ ಬೀಸುವ ನೆಲದಲ್ಲಿ ತೈಲವರ್ಣದ ಕೆಲಸ ಮಾಡಲು ಮರೆ ಬೇಕು. ಆ ಕಾರಿನ ಮುಂದಿನ ಆಸನವನ್ನು ಹಿಮ್ಮುಖವಾಗಿ ತಿರುಗಿಸಿ, ಹಿಂದಿನ ಆಸನಕ್ಕೆ ಕ್ಯಾನ್ವಾಸನ್ನು ಒರಗಿಸಿದರೆ ಕಾರೇ ಚಿತ್ರಶಾಲೆಯಾಗುತ್ತಿತ್ತು. ಎತ್ತರವಾದ ಅದರ ಕಿಟಕಿಗಳಿಂದ ಬೇಕಾದಷ್ಟು ಬೆಳಕು ಬರುತ್ತಿತ್ತು, ಮೂವತ್ತು ನಲವತ್ತು ಅಂಗುಲದ ಕ್ಯಾನ್ವಾಸು ಅದರೊಳಗೆ ಹಿಡಿಸುತ್ತಿತ್ತು. ಕಿಟಕಿ ತೆರೆದರೆ ಜೇನ್ನೊಣಗಳು ಒಳನುಗ್ಗುತ್ತಿದ್ದವು, ಮುಚ್ಚಿದರೆ ಒಳಗೆ ಕುದಿಯುವ ಸೆಕೆ.

1934ರಲ್ಲಿ ಅವರು ಮೊದಲ ಬಾರಿ ಗೋಸ್ಟ್ ರಾಂಚ್ ಎಂಬ ಜಾಗಕ್ಕೆ ಹೋದರು, 1940ರಲ್ಲಿ ಅಲ್ಲಿಯೇ ಸಣ್ಣ ಮನೆಯೊಂದನ್ನು ಕೊಂಡರು. ಅಲ್ಲಿ ಬರೆದ ಚಿತ್ರಗಳಲ್ಲಿನ ಕೆಂಪು, ನೇರಳೆ, ಹಳದಿಗಳನ್ನು ಕಲಾವಿದೆಯ ಕಲ್ಪನೆಯೆಂದು ಎಣಿಸುವವರು ಅಲ್ಲಿನ ನೆಲವನ್ನು ತಿಳಿದಿರಬೇಕು. ತಳದಲ್ಲಿರುವುದು ಸುಮಾರು ಇಪ್ಪತ್ತು ಕೋಟಿ ವರ್ಷಗಳ ಹಿಂದೆ ನದಿಗಳು ತಂದು ಹಾಸಿದ ಕೆಸರು ಗಟ್ಟಿಯಾಗಿ ಆದ ಚಿನ್ಲೆ ಎಂಬ ಶಿಲಾಸ್ತರ. ಅದರಲ್ಲಿನ ಕಬ್ಬಿಣದ ಅಂಶ ತುಕ್ಕು ಹಿಡಿದು ಇಟ್ಟಿಗೆಗೆಂಪಾಗಿದೆ, ಕೆಲವೆಡೆ ಬೂದು ಮತ್ತು ನೇರಳೆಗೆ ತಿರುಗಿದೆ. ಈ ಜೇಡಿ ನೆಲ ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವುದರಿಂದ ಅದರ ಮೇಲೆ ಗಿಡ ನಿಲ್ಲುವುದಿಲ್ಲ. ಆದ್ದರಿಂದಲೇ ಗುಡ್ಡದ ಆಕಾರ, ಮಡಿಕೆ, ಕೊರಕಲುಗಳೆಲ್ಲ ಬತ್ತಲೆಯಾಗಿ ಕಣ್ಣಿಗೆ ಬೀಳುತ್ತವೆ. ಅದರ ಮೇಲೆ ಎಂಟ್ರಾಡಾ ಎಂಬ ಹಳದಿ ಮರಳುಗಲ್ಲಿನ ಕಡಿದಾದ ಗೋಡೆ, ನೆತ್ತಿಯಲ್ಲಿ ಸುಣ್ಣಗಲ್ಲು ಮತ್ತು ಜಿಪ್ಸಂನ ಬಿಳಿಯ ಪದರ. ದಕ್ಷಿಣಕ್ಕೆ ನೋಡಿದರೆ ನೆತ್ತಿ ಚಪ್ಪಟೆಯಾದ ಪೆಡರ್ನಲ್ ಬೆಟ್ಟ. ಗೆರೆಯಿಂದ ಗೆರೆ ಬೇರೆಯಾಗಿ, ಬಣ್ಣದಿಂದ ಬಣ್ಣ ಬೇರೆಯಾಗಿ ನಿಂತಿರುವ ಆ ನೆಲವು ಅವಕಾಶವನ್ನು ಒಡೆಯುವ ಪಾಠವನ್ನು ತಾನೇ ಮಾಡಿ ಮುಗಿಸಿದಂತಿತ್ತು. ಅದರ ಎದುರು ಕುಳಿತವರಿಗೆ ಉಳಿದದ್ದು ಎಲ್ಲಿ ಚೌಕಟ್ಟು ಹಾಕಬೇಕು, ಏನನ್ನು ಬಿಡಬೇಕು ಎಂಬ ತೀರ್ಮಾನ ಮಾತ್ರ. ಆದರೆ ನಿಜವಾದ ಕಷ್ಟ ಇರುವುದೇ ಅಲ್ಲಿ. ಪೆಡರ್ನಲ್ ಬೆಟ್ಟವನ್ನು ಅವರು ಇಪ್ಪತ್ತಕ್ಕೂ ಹೆಚ್ಚು ಬಾರಿ ಬರೆದರು, ಸಾಕಷ್ಟು ಸಲ ಬರೆದರೆ ಬೆಟ್ಟ ತಮ್ಮದಾಗುವುದೆಂದು ದೇವರೇ ಹೇಳಿದ್ದಾನೆ ಎನ್ನುತ್ತಿದ್ದರು.

ಬಯಲಿನಲ್ಲಿ ಬಿದ್ದ ದನ, ಕುರಿ, ಕುದುರೆಗಳ ಮೂಳೆಗಳನ್ನು ಅವರು ಹೂವು ಕೊಯ್ಯುವಷ್ಟೇ ಸಹಜವಾಗಿ ಆರಿಸಿ ತರುತ್ತಿದ್ದರು. 1930ರಲ್ಲಿ ಒಂದು ಪೀಪಾಯಿ ತುಂಬ ಮೂಳೆಗಳನ್ನು ಪೂರ್ವದ ತಮ್ಮ ಮನೆಗೆ ರವಾನಿಸಿದ್ದೂ ಉಂಟು. ವಿಮರ್ಶಕರು ಅವುಗಳಲ್ಲಿ ಸಾವನ್ನು ಕಂಡರು. ಓಕೀಫ್ ಅವರು ಇದನ್ನು ಒಪ್ಪಲಿಲ್ಲ. ಮರುಭೂಮಿಯಲ್ಲಿ ಜೀವಂತವಾಗಿರುವುದರ ತಿರುಳೇ ಮೂಳೆಯಲ್ಲಿದೆ ಎಂಬುದು ಅವರ ಭಾವನೆ. ಚಿತ್ರಗಳನ್ನೇ ನೋಡಿದರೆ ಅವರ ಮಾತು ಸರಿಯೆನಿಸುತ್ತದೆ. 1943ರಿಂದ ಬರೆದ ಸೊಂಟದ ಮೂಳೆಯ ಸರಣಿಯಲ್ಲಿ ಅವರು ಮೂಳೆಯನ್ನು ಆಕಾಶಕ್ಕೆ ಎತ್ತಿ ಹಿಡಿದು, ಅದರ ತೂತಿನ ಮೂಲಕ ನೀಲಿಯನ್ನು ನೋಡಿದರು. ಈ ಚಿತ್ರಗಳಲ್ಲಿ ಮೂಳೆ ಒಂದು ಚೌಕಟ್ಟಾಗಿ ಅಂಚಿಗೆ ಸರಿದು, ನಡುವೆ ಬರಿಯ ನೀಲಿ ಅಂಡಾಕಾರ ಉಳಿಯುತ್ತದೆ. ಯಾವುದು ವಸ್ತು, ಯಾವುದು ಖಾಲಿ ಎಂಬ ಎಣಿಕೆ ಅದಲುಬದಲಾಗುತ್ತದೆ. ಮಹಾಯುದ್ಧ ನಡೆಯುತ್ತಿದ್ದ ಆ ವರ್ಷಗಳಲ್ಲಿ, ಮನುಷ್ಯರ ನಾಶಕಾರ್ಯವೆಲ್ಲ ಮುಗಿದ ಮೇಲೂ ಉಳಿಯುವ ನೀಲಿ ಅದೆಂದು ಅವರು ಬರೆದಿದ್ದಾರೆ.

ಗೋಸ್ಟ್ ರಾಂಚ್‌ನಿಂದ ಸ್ವಲ್ಪ ದೂರದ ಆಬಿಕ್ಯೂ ಹಳ್ಳಿಯಲ್ಲಿ ಚರ್ಚಿಗೆ ಸೇರಿದ, ಅಡೋಬಿ ಎಂದರೆ ಹುಲ್ಲು ಬೆರೆಸಿದ ಹಸಿ ಇಟ್ಟಿಗೆಯಿಂದ ಕಟ್ಟಿದ ಪಾಳುಮನೆಯೊಂದಿತ್ತು. ಅದನ್ನು ಪಡೆಯಲು ಅವರು ಸುಮಾರು ಹತ್ತು ವರ್ಷ ಕಾದರು, 1945ರ ಕೊನೆಯಲ್ಲಿ ಅದು ಕೈಸೇರಿತು. ಛಾವಣಿ ಕುಸಿದಿದ್ದ ಆ ಮನೆಯಲ್ಲಿ ಅವರನ್ನು ಹಿಡಿದು ನಿಲ್ಲಿಸಿದ್ದು ಬಾವಿಯ ಅನುಕೂಲ ಮತ್ತು ತೋಟದ ಜಾಗ ಮಾತ್ರವಲ್ಲ, ಒಳಂಗಳದ ಒಂದು ಉದ್ದನೆಯ ಗೋಡೆ ಮತ್ತು ಅದರ ಒಂದು ಪಕ್ಕಕ್ಕಿದ್ದ ಬಾಗಿಲು. ಆ ಬಾಗಿಲುಳ್ಳ ಗೋಡೆ ತಮಗೆ ಬೇಕೇ ಬೇಕೆನಿಸಿತೆಂದು ಅವರೇ ಹೇಳಿಕೊಂಡಿದ್ದಾರೆ. 1946ರಿಂದ 1960ರವರೆಗೆ ಅವರು ಆ ಬಾಗಿಲನ್ನು ಇಪ್ಪತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ಬರೆದರು. ಕ್ಯಾನ್ಯನ್‌ನಲ್ಲಿ ವಿದ್ಯಾರ್ಥಿಗಳಿಗೆ ಕೊಟ್ಟಿದ್ದ ಅಭ್ಯಾಸವನ್ನು ಬಲ್ಲವರಿಗೆ ಈ ಸರಣಿಯ ಮುಂದೆ ನಿಂತಾಗ ರೋಮಾಂಚನವಾಗದೆ ಇರದು. ಒಂದು ಚಿತ್ರದಲ್ಲಿ ಬಾಗಿಲು ಕಪ್ಪು ಚೌಕವಾಗಿ ಬಿಳಿಯ ಗೋಡೆಯ ನಡುವೆ ಕೂತಿದೆ, ಇನ್ನೊಂದರಲ್ಲಿ ಪಕ್ಕಕ್ಕೆ ಸರಿದಿದೆ, ಮತ್ತೊಂದರಲ್ಲಿ ಕೆಂಪಾಗಿದೆ. ಕೆಳಗೆ ಅಂಗಳದ ಹಾಸುಗಲ್ಲುಗಳು ಸಣ್ಣ ಚೌಕಗಳ ಸಾಲಾಗಿ ಹಾದುಹೋಗುತ್ತವೆ. 1956ರ ‘ಮೋಡವಿರುವ ಅಂಗಳ’ದಲ್ಲಿ ಗೋಡೆಯ ಮೇಲೆ ಸ್ವಲ್ಪವೇ ಆಕಾಶ ಕಾಣುತ್ತದೆ. 1950ರ ದಶಕದ ಮೊದಲ ಭಾಗದಲ್ಲಿ ಬರೆದ ಒಂದಕ್ಕೆ ‘ನನ್ನ ಕೊನೆಯ ಬಾಗಿಲು’ ಎಂದು ಹೆಸರಿಟ್ಟ ಮೇಲೆಯೂ ಅವರು ಬಾಗಿಲುಗಳನ್ನು ಬರೆಯುತ್ತಲೇ ಇದ್ದರು. ಗೋಡೆಯಲ್ಲಿ ಮಣ್ಣಿನ ಉಬ್ಬುತಗ್ಗಿಲ್ಲ, ಬಾಗಿಲಿಗೆ ಹಿಡಿಯಿಲ್ಲ, ಒಳಗೆ ಏನಿದೆಯೆಂಬ ಸುಳಿವಿಲ್ಲ. ಇದೇ ಅವರ ಅತ್ಯುತ್ತಮ ಕೆಲಸವೆಂದು ಹೇಳಬೇಕಾಗುತ್ತದೆ. ಹೂವುಗಳಿಗೆ ಸಿಕ್ಕ ಪ್ರಸಿದ್ಧಿಯ ಒಂದು ಪಾಲೂ ಇವಕ್ಕೆ ಸಿಗದಿರುವುದು ನೋಡುಗರಿಗೇ ನಷ್ಟ.

ಒಂಟಿ ಹೆಂಗಸೊಬ್ಬಳು ನಿರ್ಜನ ಮರುಭೂಮಿಯಲ್ಲಿ ಚಿತ್ರ ಬರೆಯುತ್ತಿದ್ದಳೆಂಬ ಜನಪ್ರಿಯ ಕಲ್ಪನೆಗೆ ಇಲ್ಲಿ ತಿದ್ದುಪಡಿ ಬೇಕು. ಆಬಿಕ್ಯೂ ಮನೆಯನ್ನು ಮತ್ತೆ ಎದ್ದು ನಿಲ್ಲಿಸುವ ಕೆಲಸವನ್ನು 1949ರವರೆಗೆ ನೋಡಿಕೊಂಡವರು ಮರಿಯಾ ಚಾಬಟ್. ಗೋಡೆಗೆ ಮಣ್ಣು ಮೆತ್ತಿದ ಕೈಗಳು ಊರಿನವರವು. ಓಕೀಫ್ ಅವರ ಪ್ರಖ್ಯಾತ ‘ಕಪ್ಪು ತಾಣ’ಕ್ಕೆ, ಅಂದರೆ ಗೋಸ್ಟ್ ರಾಂಚ್‌ನಿಂದ ಸುಮಾರು 150 ಮೈಲಿ ದೂರದ ನವಾಹೋ ಜನರ ನಾಡಿನ ಬೂದುಗಪ್ಪು ಗುಡ್ಡಗಳ ಸಾಲಿಗೆ, ಗುಡಾರ, ನೀರು, ಅಡುಗೆ ಸಾಮಾನುಗಳೊಂದಿಗೆ ಹೊರಟಾಗ ಜೊತೆಗಿದ್ದವರೂ ಚಾಬಟ್ ಅವರೇ. ಅಲ್ಲಿ ಬಿಸಿಲು ಏರಿದರೆ ಕಾರಿನ ಅಡಿಯ ನೆರಳೇ ನೆರಳು, ಗಾಳಿ ಎದ್ದರೆ ಗುಡಾರವೂ ನಿಲ್ಲುತ್ತಿರಲಿಲ್ಲ. 1944ರ ‘ಕಪ್ಪು ತಾಣ’ದ ಚಿತ್ರಗಳ ನಡುವೆ ಮಿಂಚಿನಂತೆ ಇಳಿಯುವ ಸೀಳು ಇಂತಹ ಶಿಬಿರಗಳಲ್ಲಿ ದಿನಗಟ್ಟಲೆ ನೋಡಿ ಪಡೆದದ್ದು. ಅವರ ಮರುಭೂಮಿಯ ಚಿತ್ರಗಳಲ್ಲಿ ಮನುಷ್ಯರು ಕಾಣುವುದಿಲ್ಲವಾದರೂ ಆ ನೆಲ ಜನರಿಲ್ಲದ ನೆಲವಲ್ಲ. ಆಬಿಕ್ಯೂ ಹದಿನೆಂಟನೆಯ ಶತಮಾನದಲ್ಲಿ ಗೆನಿಸಾರೊಗಳೆಂಬವರು ನೆಲೆಸಿದ ಹಳ್ಳಿ. ಸೆರೆಯಾಗಿ ಸ್ಪೇನಿನವರ ಮನೆಗಳಲ್ಲಿ ದುಡಿಯಬೇಕಾಗಿ ಬಂದ ಮೂಲನಿವಾಸಿಗಳು ಮತ್ತು ಅವರ ಸಂತತಿಗೆ ಆ ಹೆಸರು. ಪೆಡರ್ನಲ್ ಬೆಟ್ಟವಂತೂ ಓಕೀಫ್ ಅವರು ಬರುವುದಕ್ಕೆ ಎಷ್ಟೋ ಶತಮಾನ ಮೊದಲೇ ಅಲ್ಲಿನ ಜನರಿಗೆ ಪವಿತ್ರ. ಆ ಪ್ರದೇಶವನ್ನು ಇಂದು ಓಕೀಫ್ ಅವರ ನಾಡೆಂದು ಕರೆಯುವ ಪ್ರವಾಸಿ ಬರಹಗಳು ಈ ಮಾತನ್ನು ಮರೆಯುತ್ತವೆ, ಮರೆಯಬಾರದು.

ಅವರ ಕೈಕೆಲಸದ ಶಿಸ್ತಿನ ಬಗ್ಗೆಯೂ ಹೇಳಬೇಕು, ಏಕೆಂದರೆ ಅಲ್ಲಿಯೂ ಶಿಕ್ಷಕಿಯೇ ಕಾಣುತ್ತಾರೆ. ಬಳಸಿದ ಬಣ್ಣಗಳ ಮಾದರಿಯನ್ನು ಸಣ್ಣ ಸಣ್ಣ ಕಾರ್ಡುಗಳ ಮೇಲೆ ಬಳಿದು ಟಿಪ್ಪಣಿಯೊಂದಿಗೆ ಕಾಯ್ದಿಡುತ್ತಿದ್ದರು; ಒಂದೊಂದು ಬಣ್ಣಕ್ಕೂ ಬೇರೆ ಕುಂಚವಿರುತ್ತಿತ್ತು. 1965ರಲ್ಲಿ, 77ರ ಪ್ರಾಯದಲ್ಲಿ, ಎಂಟು ಅಡಿ ಎತ್ತರ ಮತ್ತು ಇಪ್ಪತ್ನಾಲ್ಕು ಅಡಿ ಅಗಲದ ‘ಮೋಡಗಳ ಮೇಲಿನ ಆಕಾಶ’ದ ನಾಲ್ಕನೆಯ ಚಿತ್ರವನ್ನು ಅವರು ಗೋಸ್ಟ್ ರಾಂಚ್‌ನ ಕಾರುಶೆಡ್ಡಿನಲ್ಲಿ ಬರೆದು ಮುಗಿಸಿದ್ದೂ ಈ ಶಿಸ್ತಿನಿಂದಲೇ. ಕೆಲವು ವರ್ಷಗಳಲ್ಲಿ ಅಕ್ಷಿಪಟಲದ ನಡುಭಾಗ ಸವೆಯುವ ರೋಗ ಅವರ ದೃಷ್ಟಿಯನ್ನು ಕಿತ್ತುಕೊಂಡಿತು; ಈ ರೋಗದಲ್ಲಿ ನೇರ ನೋಟ ಅಳಿಸಿಹೋಗಿ ಅಂಚಿನ ನೋಟ ಮಾತ್ರ ಉಳಿಯುತ್ತದೆ. ಯಾರ ನೆರವೂ ಇಲ್ಲದೆ ಅವರು ಬರೆದ ಕೊನೆಯ ತೈಲವರ್ಣ 1972ರದ್ದು. ಆಮೇಲೆ ಇತರರ ಸಹಾಯದಿಂದ ಜಲವರ್ಣ, ಇದ್ದಿಲು, ಜೇಡಿಮಣ್ಣಿನ ಕೆಲಸಗಳನ್ನು ಮುಂದುವರಿಸಿ, 98ನೆಯ ವಯಸ್ಸಿನಲ್ಲಿ ಸಾಂಟಾ ಫೆ ನಗರದಲ್ಲಿ ತೀರಿಕೊಂಡರು.

ಅವರ ಕೆಲವು ತೈಲವರ್ಣಗಳ ನುಣುಪಾದ ಮೇಲ್ಮೈಯಲ್ಲಿ ಸೂಜಿಮೊನೆಯಷ್ಟು ಸಣ್ಣ ಉಬ್ಬುಗಳು ಎದ್ದಿರುವುದು ಹಲವು ದಶಕಗಳ ಹಿಂದೆಯೇ ಗಮನಕ್ಕೆ ಬಂದಿತ್ತು. ಮರುಭೂಮಿಯ ಗಾಳಿ ಒದ್ದೆ ಬಣ್ಣದ ಮೇಲೆ ತಂದೆರಚಿದ ಮರಳಿನ ಕಣಗಳಿರಬೇಕೆಂದು ಮೊದಮೊದಲು ಭಾವಿಸಲಾಗಿತ್ತು. ಸಾಂಟಾ ಫೆಯಲ್ಲಿ 1997ರಲ್ಲಿ ತೆರೆದ ಓಕೀಫ್ ವಸ್ತುಸಂಗ್ರಹಾಲಯದ ಸಂರಕ್ಷಕರೂ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ವಿಜ್ಞಾನಿಗಳೂ ಕೂಡಿ ಪರೀಕ್ಷಿಸಿದಾಗ ಅವು ಲೋಹದ ಸಾಬೂನುಗಳೆಂದು, ಅಂದರೆ ಬಣ್ಣದಲ್ಲಿನ ಎಣ್ಣೆಯ ಕೊಬ್ಬಿನಾಮ್ಲಗಳು ಸೀಸ, ಸತುವಿನಂತಹ ಲೋಹಗಳೊಡನೆ ಸೇರಿ ಹೆಪ್ಪುಗಟ್ಟಿ ಮೇಲಕ್ಕೆ ತಳ್ಳಿಕೊಂಡು ಬಂದ ಗಂಟುಗಳೆಂದು ತಿಳಿಯಿತು. ಅವು ನಿಂತ ಗಂಟುಗಳಲ್ಲ, ಬೆಳೆಯುವಂಥವು. ತೇವ ಮತ್ತು ಉಷ್ಣತೆಯ ಏರುಪೇರು ಈ ಬೆಳವಣಿಗೆಗೆ ಇಂಬು ಕೊಡುತ್ತದೆ. ಹೀಗಾಗಿ ಒಣಹವೆಯ ಊರಿನಲ್ಲಿ ಹುಟ್ಟಿದ ಚಿತ್ರವೊಂದನ್ನು ಪ್ರದರ್ಶನಕ್ಕೆಂದು ಕಡಲಾಚೆಗೆ ಕಳುಹಿಸಬೇಕೆ, ಕಳುಹಿಸುವುದಾದರೆ ಯಾವುದನ್ನು, ಎಷ್ಟು ಸಲ ಎಂಬುದನ್ನು ಸಂರಕ್ಷಕರು ಈಗ ಚಿತ್ರದ ಮೇಲ್ಮೈಯನ್ನು ಅಳೆದು ನೋಡಿ ಯೋಚಿಸಬೇಕಾಗಿದೆ.